ಗಂಟಲಿನ ಗುಳಿಗೆಗೂ ಗಡುವಿರಲಿ

ಹಳೆಯ ಗಂಟಲುಬೇನೆ ಇರುವವರಿಗೆ ಅವರದೇ ಒಂದು ಪಂಚಾಂಗವಿರುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಮೇಷ್ಟರ ಗಂಟಲು ಕಟ್ಟುತ್ತದೆ. ಧನುರ್ಮಾಸದ ನಸುಕಿನಲ್ಲಿ ಪೂಜೆಗೆ ನಿಂತ ಅರ್ಚಕರಿಗೆ ಮಂತ್ರದ ನಡುವೆ ಕೆಮ್ಮು. ರಾಗಿ ಒಕ್ಕುವ ಕಾಲದ ಧೂಳಿಗೆ ಒಬ್ಬರು ಸಿಕ್ಕಿಬಿದ್ದರೆ, ಮದುವೆ ತಿಂಗಳುಗಳ ತಡರಾತ್ರಿಯ ಊಟಕ್ಕೆ ಇನ್ನೊಬ್ಬರು. ವರ್ಷದ ಉಳಿದ ದಿನಗಳಲ್ಲಿ ಸಣ್ಣ ಕಿರಿಕಿರಿಯಾಗಿ, ಆಗಾಗ ಕ್ಯಾಕರಿಸಿ ಸರಿಮಾಡಿಕೊಳ್ಳುವ ಅಭ್ಯಾಸವಾಗಿ ಉಳಿದಿದ್ದ ಬೇನೆ ಅಂಥ ದಿನಗಳಲ್ಲಿ ಕೆರಳುತ್ತದೆ. ಉಗುಳು ನುಂಗಲೂ ಬಿಡುವುದಿಲ್ಲ.

ಆಗ ಹೆಚ್ಚಿನವರು ಹೋಗುವುದು ಹತ್ತಿರದ ಮೆಡಿಕಲ್ ಶಾಪಿಗೆ. "ಹೋದ್ಸಲ ಕೊಟ್ಟಿದ್ರಲ್ಲ, ಅದೇ ಕೊಡಿ" ಎಂದರೆ ಸಾಕು. ಅಂಗಡಿಯವರ ಕತ್ತರಿ ಸ್ಟ್ರಿಪ್‌ಗಳ ಮೇಲೆ ಆಡುತ್ತದೆ: ನೋವಿನ ಗುಳಿಗೆ, ಅದರ ಜೊತೆಗೊಂದು ಆಂಟಿಬಯೋಟಿಕ್, ಹೊಟ್ಟೆ ಉರಿಯದಿರಲಿ ಎಂದು ಗ್ಯಾಸಿನ ಗುಳಿಗೆ. ಮೂರು ದಿನದಲ್ಲಿ ಗಂಟಲು ತಣ್ಣಗಾಗುತ್ತದೆ. ಒಂದೆರಡು ತಿಂಗಳಲ್ಲಿ ಅದೇ ಗಿರಾಕಿ, ಅದೇ ಮಾತು, ಅದೇ ಕತ್ತರಿ.

ಈ ಮೂರರಲ್ಲಿ ಕೆಲಸ ಮಾಡಿದ್ದು ಯಾವುದು? ಬಹುತೇಕ ಸಲ ಮೊದಲನೆಯದು, ಅಂದರೆ ಉರಿಯೂತ ತಗ್ಗಿಸುವ ಗುಳಿಗೆ. ಅದು ಒಳ್ಳೆಯ ಮದ್ದೇ. ಕೆರಳಿದ ಗಂಟಲಿಗೆ ಎರಡು ಮೂರು ದಿನ ಅದನ್ನು ಕೊಡುವುದರಲ್ಲಿ ತಪ್ಪಿಲ್ಲ. ತಪ್ಪಾಗುವುದು, ಕೆರಳುವಿಕೆಗೆಂದು ಕೊಡುವುದನ್ನು ಬೇನೆಗೇ ಮದ್ದು ಎಂದುಕೊಂಡಾಗ. ಕೆಲವರ ವಿಷಯದಲ್ಲಂತೂ ಇದೇ ಗುಳಿಗೆ ಮುಂದಿನ ಸಲದ ಗಂಟಲು ನೋವಿಗೆ ದಾರಿ ಮಾಡಿಕೊಡುತ್ತಿರುತ್ತದೆ. ಅದು ಹೇಗೆ ಎಂಬುದಕ್ಕೆ ಗಂಟಲಿನಿಂದ ಸ್ವಲ್ಪ ಕೆಳಗಿಳಿಯಬೇಕು. ಅದಕ್ಕೆ ಮೊದಲು ಗಂಟಲನ್ನೇ ನೋಡೋಣ.

ಗಂಟಲು ನೋವು ಎಂದಾಗ ಎರಡು ಬೇರೆ ಸಂಗತಿಗಳು ಕಲೆಸಿಹೋಗುತ್ತವೆ. ನೆಗಡಿಯ ಜೊತೆ ಬಂದು ವಾರದೊಳಗೆ ಹೋಗುವುದು ಒಂದು. ಇದರ ಬಹುಪಾಲು ವೈರಸ್ಸಿನದು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವುದು ದೊಡ್ಡವರಲ್ಲಿ ನೂರಕ್ಕೆ 5ರಿಂದ 15, ಮಕ್ಕಳಲ್ಲಿ 20ರಿಂದ 30. ಇನ್ನೊಂದು, ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದೆ ಇರುವುದು. ಇದರಲ್ಲಿ ರೋಗಾಣು ಇರಲೇಬೇಕೆಂದಿಲ್ಲ. ಗಂಟಲಿನ ಹಿಂಗೋಡೆಯ ತೆಳು ಪೊರೆಗೆ ದಿನವೂ ಏನಾದರೊಂದು ತಾಗುತ್ತಿರುತ್ತದೆ: ಬೀಡಿಯ ಹೊಗೆ, ಒಲೆಯ ಹೊಗೆ, ಧೂಳು, ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ, ಬಾಯಿ ತೆರೆದು ಮಲಗಿದಾಗಿನ ಒಣಗಾಳಿ, ಹೊಟ್ಟೆಯಿಂದ ಮೇಲೇರುವ ಆಮ್ಲ. ಪೊರೆ ಸದಾ ಕೆಂಪಾಗಿಯೇ ಇರುತ್ತದೆ. ಟಾರ್ಚ್ ಹಾಕಿ ನೋಡಿದರೆ ಕೆಲವರಲ್ಲಿ ಕಾಳು ಕಾಳಾಗಿ ಎದ್ದ ಗಂಟುಗಳು ಕಾಣುತ್ತವೆ. ಅವು ಕೀವಿನ ಗುಳ್ಳೆಗಳಲ್ಲ. ದೇಹದ ಕಾವಲಿಗೆಂದು ಅಲ್ಲಿರುವ ಅಂಗಾಂಶವೇ ನಿತ್ಯದ ಕಿರುಕುಳಕ್ಕೆ ದಪ್ಪಗಾಗಿರುತ್ತದೆ. ಮೊಬೈಲಿನ ಬೆಳಕಿನಲ್ಲಿ ಕನ್ನಡಿ ನೋಡಿ, ಗಾಬರಿಯಾಗಿ, ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ತಂದು ನುಂಗುವವರಿದ್ದಾರೆ. ಆ ಗಂಟುಗಳಿಗೂ ಅಜಿತ್ರೊಮೈಸಿನ್‌ಗೂ ಸಂಬಂಧವಿಲ್ಲ.

ಹೀಗೆ ಮೊದಲೇ ನೊಂದ ಪೊರೆಯ ಮೇಲೆ ಒಂದು ನೆಗಡಿಯ ವೈರಸ್ಸೋ, ಒಂದು ದಿನದ ಕೂಗಾಟವೋ, ರಾತ್ರಿ ಹನ್ನೊಂದಕ್ಕೆ ತಿಂದ ಖಾರದ ಊಟವೋ ಬಂದು ಸೇರಿದರೆ ಅದು ಕೆರಳುತ್ತದೆ. ಪೆಟ್ಟು ತಿಂದ ಕೋಶಗಳ ಹೊರಪದರದಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶ ಬಿಡುಗಡೆಯಾಗುತ್ತದೆ. ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೊಸ್ಟಗ್ಲಾಂಡಿನ್‌ಗಳಾಗಿ ಬದಲಿಸುತ್ತದೆ. ಇವು ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಅದರಿಂದ ಕೆಂಪು ಮತ್ತು ಊತ. ನೋವಿನ ನರಗಳ ತುದಿಯನ್ನು ಚುರುಕುಗೊಳಿಸುತ್ತವೆ, ಅದರಿಂದ ಒಂದು ಗುಟುಕು ನೀರು ಕುಡಿದರೂ ಮುಳ್ಳು ಇಳಿದ ಹಾಗೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ಈ ಕಾಕ್ಸ್ ಕಿಣ್ವದ ಬಾಯಿ ಕಟ್ಟುತ್ತವೆ. ಆಸ್ಪಿರಿನ್ ಜರ್ಮನಿಯ ಬೇಯರ್ ಕಂಪನಿಯಲ್ಲಿ ತಯಾರಾದದ್ದು 1897ರಲ್ಲಿ. ಅದು ಹೀಗೆ ಕೆಲಸ ಮಾಡುತ್ತದೆ ಎಂದು ಲಂಡನ್ನಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ನಡುವಿನ ಎಪ್ಪತ್ತು ಚಿಲ್ಲರೆ ವರ್ಷ ಜಗತ್ತು ಅದನ್ನು ಹೇಗೆಂದು ಗೊತ್ತಿಲ್ಲದೆಯೇ ನುಂಗಿತು. ವೇನ್‌ಗೆ 1982ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಂತು.

ವೇನ್ ಕಂಡದ್ದರಲ್ಲಿ ನಾವು ಮರೆಯಬಾರದ ಇನ್ನೊಂದು ಪಾಠವಿದೆ. ಗಂಟಲಿನಲ್ಲಿ ನೋವು ಕೊಡುವ ಅದೇ ಪ್ರೊಸ್ಟಗ್ಲಾಂಡಿನ್‌ಗಳ ಬಳಗವೇ ಜಠರದ ಒಳಗೋಡೆಗೆ ಲೋಳೆಯ ಲೇಪ ಹಚ್ಚಿ ಆಮ್ಲದಿಂದ ಕಾಪಾಡುತ್ತದೆ. ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಹದದಲ್ಲಿಡುತ್ತದೆ. ಗುಳಿಗೆಗೆ ಗಂಟಲು ಯಾವುದು, ಹೊಟ್ಟೆ ಯಾವುದು ಎಂಬ ಭೇದ ತಿಳಿಯದು. ರಕ್ತದಲ್ಲಿ ಬೆರೆತು ಎಲ್ಲ ಕಡೆ ಹೋಗಿ ಎಲ್ಲ ಕಡೆಯ ಕಾಕ್ಸ್ ಅನ್ನೂ ತಡೆಯುತ್ತದೆ. ಹೊಟ್ಟೆಯುರಿ, ಹುಣ್ಣು, ಮೂತ್ರಪಿಂಡದ ತೊಂದರೆಗಳನ್ನು ನಾವು ಅಡ್ಡಪರಿಣಾಮ ಎನ್ನುತ್ತೇವೆ. ಗುಳಿಗೆಯ ದೃಷ್ಟಿಯಿಂದ ಅದೂ ಅದರ ಪರಿಣಾಮವೇ.

ಇನ್ನು ಅಂಗಡಿಯವರು ಕತ್ತರಿಸಿಕೊಡುವ ಗುಳಿಗೆಗಳನ್ನು ಒಂದೊಂದಾಗಿ ನೋಡಬಹುದು. ಕೋವಿಡ್ ಕಾಲದಲ್ಲಿ ಮನೆಮಾತಾದ ಡೋಲೊ 650 ಬೆಂಗಳೂರಿನ ಮೈಕ್ರೊ ಲ್ಯಾಬ್ಸ್ ಕಂಪನಿಯದು. ಅದರಲ್ಲಿರುವುದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ನೋವು, ಜ್ವರ ಎರಡನ್ನೂ ಅದು ಇಳಿಸುತ್ತದೆ, ಊತವನ್ನು ಅಷ್ಟಾಗಿ ಇಳಿಸುವುದಿಲ್ಲ. ಹಾಗಾಗಿ ಉರಿಯೂತದ ಮದ್ದುಗಳ ಸಾಲಿನಲ್ಲಿ ಅದನ್ನು ಸೇರಿಸುವುದಿಲ್ಲ. ಆದರೂ ಕೆರಳಿದ ಗಂಟಲಿಗೆ ಮೊದಲು ಮುಟ್ಟಬೇಕಾದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಹೊಟ್ಟೆಯನ್ನು ಕೆಡಿಸುವುದಿಲ್ಲ, ಮೂತ್ರಪಿಂಡದ ಮೇಲೆ ಹಗುರ, ಡೆಂಗಿ ಇದ್ದರೂ ಭಯವಿಲ್ಲ. ಅಳತೆ ಮೀರಿದರೆ ಮಾತ್ರ ಯಕೃತ್ತನ್ನು ಸುಡುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಕಟ್ಟಕಡೆಯ ಮಿತಿ; ಕುಡಿಯುವ ಚಟದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ತೀರಾ ಸಣಕಲು ಮೈಯವರಿಗೆ ಅದಕ್ಕಿಂತ ಕಡಿಮೆ. ಮೋಸ ಹೋಗುವುದು ಎಲ್ಲಿ ಎಂದರೆ, ನೆಗಡಿಯ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ನೋವಿನ ಜೋಡಿ ಗುಳಿಗೆಯಲ್ಲೂ ಇರುತ್ತದೆ. ಮೂರು ಹೆಸರಿನಲ್ಲಿ ಒಂದೇ ಮದ್ದು ಹೊಟ್ಟೆ ಸೇರುತ್ತದೆ.

ಐಬುಪ್ರೊಫೆನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಬೂಟ್ಸ್ ಕಂಪನಿಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಸಂಗಡಿಗರು ಕಂಡುಹಿಡಿದದ್ದು. 1969ರಲ್ಲಿ ಅಲ್ಲಿನ ರೋಗಿಗಳಿಗೆ ಸಿಕ್ಕಿತು. ಆಸ್ಪಿರಿನ್‌ಗಿಂತ ಹೊಟ್ಟೆಗೆ ಸೌಮ್ಯವಾದದ್ದು ಬೇಕು ಎಂದು ಹೊರಟ ಹುಡುಕಾಟ ಅದು. ಭಾಷಣದ ಹಿಂದಿನ ರಾತ್ರಿ ಹೆಚ್ಚು ಕುಡಿದು ತಲೆ ಸಿಡಿಯುತ್ತಿದ್ದಾಗ ಆಡಮ್ಸ್ ತಮ್ಮದೇ ಮದ್ದನ್ನು 600 ಮಿಲಿಗ್ರಾಂ ನುಂಗಿ ನೋಡಿದರಂತೆ, ಕೆಲಸ ಮಾಡಿತು. ಗಂಟಲಿನ ಊತ, ನೋವಿಗೆ ಇದು ಪ್ಯಾರಾಸಿಟಮಾಲ್‌ಗಿಂತ ಒಂದು ಕೈ ಮೇಲು. ಊಟವಾದ ಮೇಲೆ 200 ಅಥವಾ 400 ಮಿಲಿಗ್ರಾಂ, ಎರಡು ಗುಳಿಗೆಗಳ ನಡುವೆ ಆರೆಂಟು ಗಂಟೆ ಅಂತರ, ವೈದ್ಯರನ್ನು ಕೇಳದೆ ದಿನಕ್ಕೆ 1200 ದಾಟದಂತೆ, ಮೂರು ದಿನ. ಈ ಚೌಕಟ್ಟಿನೊಳಗೆ ಹೆಚ್ಚಿನ ಆರೋಗ್ಯವಂತರಿಗೆ ಇದರಿಂದ ಕೇಡಿಲ್ಲ.

ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್‌ಗಳು ಇದೇ ಬಳಗದವು, ನಮ್ಮಲ್ಲಿ ಹೆಚ್ಚು ಖರ್ಚಾಗುವಂಥವು. ನಿಯಮದಂತೆ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಡುತ್ತಾರೆ. ನಿಮೆಸುಲೈಡ್ ಎಂಬ ಇನ್ನೊಂದಿದೆ. ಯಕೃತ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ ಫಿನ್‌ಲ್ಯಾಂಡ್ 2002ರಲ್ಲಿ, ಐರ್ಲೆಂಡ್ 2007ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದವು. ಭಾರತ 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಷೇಧಿಸಿತು. ಗಂಟಲು ನೋವಿನಂಥ ಸಣ್ಣ ಬೇನೆಗೆ, ಬೇರೆ ಮದ್ದುಗಳು ಕೈಗೆಟುಕುವಾಗ, ದೊಡ್ಡವರೂ ಅದನ್ನು ನುಂಗಬೇಕಾದ ಅಗತ್ಯ ನನಗೆ ಕಂಡಿಲ್ಲ.

ಇಲ್ಲಿ ರಾಮನಗರದ ಮಾತು ಬರಬೇಕು, ಎರಡು ಕಾರಣಕ್ಕೆ. ಅಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದೇಶದ ಕೋಟ್ಯಂತರ ರಣಹದ್ದುಗಳು ಕಣ್ಮರೆಯಾದದ್ದಕ್ಕೆ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಕಾರಣ ಎಂಬುದು 2004ರಲ್ಲಿ ಖಚಿತವಾಯಿತು. ಮದ್ದು ತಿಂದ ದನ ಸತ್ತು, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತಿತ್ತು. 2006ರಲ್ಲಿ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದರು. ಹದ್ದಿನ ಮೈಯ ದೌರ್ಬಲ್ಯ ಮನುಷ್ಯನದಲ್ಲ; ಹೋಲಿಸಿ ಹೆದರಿಸುವುದು ಸರಿಯಲ್ಲ. ಆದರೆ ನೋವಿನ ಗುಳಿಗೆ ಮೂತ್ರಪಿಂಡವನ್ನು ಮುಟ್ಟುತ್ತದೆ ಎಂದರೆ ಬರೀ ಪುಸ್ತಕದ ಮಾತು ಎಂದುಕೊಳ್ಳುವವರಿಗೆ ಅಷ್ಟು ಗೊತ್ತಿರಲಿ.

ಎರಡನೆಯ ಕಾರಣ ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಅದೇ ರೇಷ್ಮೆಹುಳುವಿನ ಕರುಳಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ 1960ರ ದಶಕದ ಕೊನೆಗೆ ಜಪಾನೀಯರು ಸೆರಾಶಿಯೊಪೆಪ್ಟಿಡೇಸ್ ಎಂಬ ಕಿಣ್ವವನ್ನು ಬೇರ್ಪಡಿಸಿದರು. ಊತ ಕರಗಿಸುತ್ತದೆ ಎಂದು ಅದು ಗುಳಿಗೆಯಾಯಿತು. ನಮ್ಮಲ್ಲಿ ನೋವಿನ ಗುಳಿಗೆಯ ಜೊತೆ ಬೆರೆಸಿ, ಹಲ್ಲು ಕಿತ್ತಾಗ, ಕಾಲು ಉಳುಕಿದಾಗ, ಗಂಟಲು ಊದಿದಾಗ ಧಾರಾಳವಾಗಿ ಕೊಡುತ್ತಾರೆ. ಜಪಾನಿನಲ್ಲಿಯೇ ಮರುಪರೀಕ್ಷೆ ಮಾಡಿದಾಗ ಮದ್ದೇ ಇಲ್ಲದ ಹುಸಿಗುಳಿಗೆಗಿಂತ ಇದು ಮೇಲೆಂದು ತೋರಿಸಲಾಗದೆ, 2011ರಲ್ಲಿ ತಯಾರಿಸುತ್ತಿದ್ದ ಕಂಪನಿಯೇ ಹಿಂತೆಗೆದುಕೊಂಡಿತು. ನಮ್ಮ ಅಂಗಡಿಗಳಿಗೆ ಆ ಸುದ್ದಿ ತಲುಪಿಲ್ಲ. ಸ್ಟ್ರಿಪ್‌ನ ಹಿಂದೆ ಸಣ್ಣಕ್ಷರದಲ್ಲಿ ಆ ಹೆಸರು ಕಂಡರೆ, ಅದಕ್ಕೆಂದು ಹೆಚ್ಚು ಕೊಡುತ್ತಿರುವ ದುಡ್ಡು ದಂಡ ಎಂದು ತಿಳಿಯಬಹುದು.

ಇನ್ನು ಸ್ಟೆರಾಯ್ಡ್. ಉರಿಯೂತದ ಮದ್ದುಗಳಲ್ಲೆಲ್ಲ ಬಲಶಾಲಿ. ಕಾಕ್ಸ್ ತನಕ ಕಾಯದೆ, ಅದಕ್ಕೂ ಮೊದಲೇ ಇಡೀ ಪ್ರಕ್ರಿಯೆಯ ಬುಡಕ್ಕೆ ಕೈಹಾಕುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ 1948ರಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಎರಡೇ ವರ್ಷದಲ್ಲಿ ನೊಬೆಲ್ ಬಂತು. ತೀವ್ರ ಗಂಟಲು ನೋವಿಗೆ ಸ್ಟೆರಾಯ್ಡಿನ ಒಂದೇ ಒಂದು ಡೋಸ್ ಕೊಟ್ಟರೆ ಬೇಗ ಆರಾಮವಾಗುತ್ತದೆಯೇ? ಇದನ್ನು ಗಂಭೀರವಾಗಿ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನಲ್ಲಿ 500ಕ್ಕೂ ಹೆಚ್ಚು ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿದವರಿಗೂ ಹುಸಿಗುಳಿಗೆ ನುಂಗಿದವರಿಗೂ 24 ಗಂಟೆಯ ಹೊತ್ತಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 48 ಗಂಟೆಯ ಹೊತ್ತಿಗೆ ಪೂರ್ಣ ಗುಣವಾದವರು ನೂರಕ್ಕೆ 35, ಹುಸಿಗುಳಿಗೆಯವರಲ್ಲಿ 27. ಲಾಭವಿದೆ, ಸಣ್ಣದು. ಇಷ್ಟಕ್ಕೂ ಅದು ಹೊಸದಾಗಿ ಬಂದ ತೀವ್ರ ನೋವಿನ ಲೆಕ್ಕ, ಒಂದೇ ಡೋಸಿನ ಲೆಕ್ಕ. ಹಳೆಯ ಗಂಟಲುಬೇನೆ ಕೆರಳಿದಾಗಲೆಲ್ಲ ಬೆಟ್ನೆಸಾಲ್‌ನಂಥ ಸ್ಟೆರಾಯ್ಡ್ ಗುಳಿಗೆ ನುಂಗಲು ಅದು ಪರವಾನಗಿಯಲ್ಲ.

ಹೀಗೆ ನುಂಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಪುಟ್ಟ ಬಿಳಿ ಗುಳಿಗೆ, ಅಗ್ಗ, ಒಂದೇ ದಿನದಲ್ಲಿ ಗಂಟಲು ಬಿಡುತ್ತದೆ, ಹಸಿವೆಯೂ ಹೆಚ್ಚುತ್ತದೆ, ಮೈಯಲ್ಲಿ ಲವಲವಿಕೆ. ಇದಕ್ಕಿಂತ ಒಳ್ಳೆಯ ಮದ್ದು ಇನ್ನೇನು ಬೇಕು ಎನಿಸುವುದು ಸಹಜ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಸರ್ರನೆ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಪದೇ ಪದೇ ನುಂಗಿದವರಲ್ಲಿ ಮೂಳೆ ಸವೆಯುತ್ತದೆ, ಮೈ ತಾನೇ ತಯಾರಿಸಬೇಕಾದ ಸ್ಟೆರಾಯ್ಡನ್ನು ತಯಾರಿಸುವುದು ಮರೆಯುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರದ ಹೆಸರಿನಲ್ಲಿ ಕಣ್ಣು, ದವಡೆ ಕಳೆದುಕೊಂಡವರನ್ನು ನಾವು ನೋಡಿದ್ದೇವೆ. ಹತೋಟಿ ತಪ್ಪಿದ ಸಕ್ಕರೆ ಮತ್ತು ಅಳತೆಯಿಲ್ಲದ ಸ್ಟೆರಾಯ್ಡ್ ಅಲ್ಲಿ ಜೊತೆಯಾಗಿದ್ದವು. ಬರೀ ಗಂಟಲಿನ ಉರಿಯೂತಕ್ಕೆ ಸ್ಟೆರಾಯ್ಡ್ ಬೇಕೋ ಬೇಡವೋ ಎಂಬ ತೀರ್ಮಾನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಆಗಕೂಡದು.

ನೋವು ಇರುವುದು ಅಂಗೈ ಅಗಲದ ಜಾಗದಲ್ಲಿ, ಮದ್ದು ಮಾತ್ರ ಇಡೀ ಮೈಗೆ ಏಕೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ಚೀಪುವ ಗುಳಿಗೆ, ಮುಕ್ಕಳಿಸುವ ದ್ರಾವಣಗಳಿವೆ. ಬೆಂಜಿಡಮಿನ್ ಎಂಬ ಮದ್ದಿನ 0.15 ಶೇಕಡಾ ದ್ರಾವಣ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. 15 ಮಿಲಿ ಬಾಯಿಗೆ ಹಾಕಿ, ತಲೆ ಹಿಂದಕ್ಕೆ ಬಾಗಿಸಿ ಗಂಟಲಿಗೆ ತಾಗುವಂತೆ ಮುಕ್ಕಳಿಸಿ ಉಗುಳುವುದು. ಊತವನ್ನೂ ಸ್ವಲ್ಪ ತಗ್ಗಿಸುತ್ತದೆ, ಜಾಗಕ್ಕೆ ಜೋಮು ಹಿಡಿಸಿ ನೋವನ್ನೂ ಮರೆಸುತ್ತದೆ. ಊಟಕ್ಕೆ ಹತ್ತು ನಿಮಿಷ ಮುಂಚೆ ಮಾಡಿದರೆ ನುಂಗುವುದು ಸಲೀಸು. ಫ್ಲರ್ಬಿಪ್ರೊಫೆನ್ 8.75 ಮಿಲಿಗ್ರಾಂ ಇರುವ ಚೀಪುವ ಗುಳಿಗೆಯೂ ಇದೆ. ದಿನಕ್ಕೆ ಐದಕ್ಕಿಂತ ಹೆಚ್ಚಿಲ್ಲ, ಮೂರು ದಿನಕ್ಕಿಂತ ಹೆಚ್ಚಿಲ್ಲ. ಅಂಗಡಿಯ ಬರಣಿಯಲ್ಲಿಟ್ಟು ಮಾರುವ ಪುದೀನದ ಘಮದ ಬಿಲ್ಲೆಗಳಲ್ಲಿ ಈ ಮದ್ದು ಇರುವುದಿಲ್ಲ, ತಂಪು ಮಾತ್ರ ಇರುತ್ತದೆ. ಮೇಲಿಂದ ಮೇಲೆ ಗಂಟಲು ಕೆರಳುವವರು ನುಂಗುವ ಗುಳಿಗೆಗೆ ಮೊದಲು ಮುಕ್ಕಳಿಸುವುದನ್ನು ನೋಡಬೇಕು. ಅದೇಕೋ ನಮ್ಮ ಜನಕ್ಕೆ ನುಂಗಿದರೇನೇ ಮದ್ದು.

ಈಗ ಗಂಟಲಿನಿಂದ ಕೆಳಗಿಳಿಯೋಣ. ಹಳೆಯ ಗಂಟಲು ಕಿರಿಕಿರಿಯ ಕಾರಣಗಳಲ್ಲಿ ಹೊಟ್ಟೆಯ ಆಮ್ಲ ಒಂದು. ಎದೆಯುರಿ ಇರಲೇಬೇಕೆಂದಿಲ್ಲ, ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಧ್ವನಿ ದಪ್ಪ, ಬಾಯಲ್ಲಿ ಹುಳಿ. ಇಂಥವರು ಐಬುಪ್ರೊಫೆನ್ನೋ ಡೈಕ್ಲೊಫೆನಾಕೋ ನುಂಗಿದರೆ ಜಠರದ ಕಾವಲು ಸಡಿಲಾಗುತ್ತದೆ, ಆಮ್ಲದ ಕಾಟ ಹೆಚ್ಚುತ್ತದೆ. ಗುಳಿಗೆಯ ಬಲವಿರುವಷ್ಟು ದಿನ ಗಂಟಲಿಗೆ ಅದು ಗೊತ್ತಾಗುವುದಿಲ್ಲ. ಗುಳಿಗೆ ಮುಗಿದ ಮೇಲೆ ಗೊತ್ತಾಗುತ್ತದೆ. ಮತ್ತೆ ಗುಳಿಗೆ. ಒಲೆಯ ಮೇಲೆ ಉಕ್ಕುವ ಹಾಲಿಗೆ ನೀರು ಚಿಮುಕಿಸುತ್ತಾ ನಿಂತ ಹಾಗೆ ಇದು. ಇಲ್ಲಿ ಚಿಮುಕಿಸುವ ನೀರೇ ಉರಿಯನ್ನೂ ಕೆದಕುತ್ತಿರುತ್ತದೆ.

ಹಾಗಾದರೆ ಗ್ಯಾಸಿನ ಗುಳಿಗೆ ಖಾಯಂ ಮಾಡಿಕೊಂಡರೆ ಆಯಿತಲ್ಲ ಎನ್ನಬಹುದು. ಅದೂ ಅಷ್ಟು ಸುಲಭವಿಲ್ಲ. ಗಂಟಲಿನ ಕಿರಿಕಿರಿ ಬಿಡದ 300ಕ್ಕೂ ಹೆಚ್ಚು ಜನರಿಗೆ ಬ್ರಿಟನ್ನಿನಲ್ಲಿ 16 ವಾರ, ದಿನಕ್ಕೆ ಎರಡು ಬಾರಿ ಲ್ಯಾನ್ಸೊಪ್ರಜೋಲ್ ಎಂಬ ಗ್ಯಾಸಿನ ಗುಳಿಗೆ ಅಥವಾ ಹುಸಿಗುಳಿಗೆ ಕೊಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪುಗಳು ಒಂದೇ ಪ್ರಮಾಣದಲ್ಲಿ ಸುಧಾರಿಸಿದ್ದವು. ಆಮ್ಲ ನಿಜವಾಗಿ ಕಾರಣವಾಗಿರುವವರಿಗೆ ಆ ಗುಳಿಗೆ ನೆರವಾಗುತ್ತದೆ. ಗಂಟಲು ಕೆರೆದವರಿಗೆಲ್ಲ ಕೊಟ್ಟರೆ ನೆರವಾಗುವುದಿಲ್ಲ. ರಾತ್ರಿ ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ, ಮಂಚದ ತಲೆಭಾಗಕ್ಕೆ ಎರಡು ಇಟ್ಟಿಗೆ, ಹೊಟ್ಟೆಯ ಸುತ್ತಳತೆ ಸ್ವಲ್ಪ ಇಳಿಸುವುದು — ದುಡ್ಡಿಲ್ಲದ ಈ ಉಪಾಯಗಳನ್ನು ಮಾಡಿ ನೋಡದೆಯೇ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ.

ಇನ್ನೊಂದು ದೊಡ್ಡ ಕಾರಣ ಮೂಗು. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಹೂಬಿಡುವ ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ಧೂಳಿನ ನುಸಿ, ಹಳೆಯ ಗೋಡೆಯ ಬೂಷ್ಟು ಇವೆಲ್ಲ ಮೂಗನ್ನು ಕೆರಳಿಸಿ, ಸಿಂಬಳ ಹಿಂದಿನಿಂದ ಗಂಟಲಿಗೆ ಇಳಿಯುತ್ತಲೇ ಇರುತ್ತದೆ. ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿ ಗಂಟಲು ಒಣಗುವುದು ಬೇರೆ. ಇವರಿಗೆ ಉರಿಯೂತದ ಮದ್ದು ಬೇಕು, ಆದರೆ ಬೇಕಾಗಿರುವುದು ಗಂಟಲಿಗಲ್ಲ. ಫ್ಲುಟಿಕಸೋನ್, ಮೊಮೆಟಸೋನ್‌ನಂಥ ಸ್ಟೆರಾಯ್ಡಿನ ಸ್ಪ್ರೇ ಮೂಗಿಗೆ. ಸ್ಟೆರಾಯ್ಡ್ ಎಂದೊಡನೆ ಬೆಚ್ಚಬೇಕಿಲ್ಲ. ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೆ ಇದು ಹೊಡೆದ ತಕ್ಷಣ ಮೂಗು ಬಿಡಿಸುವ ಹನಿಯಲ್ಲ. ದಿನವೂ ಹಾಕಿದರೆ ವಾರ, ಎರಡು ವಾರಕ್ಕೆ ಪೂರ್ತಿ ಗುಣ ತೋರುತ್ತದೆ. ಎರಡು ದಿನ ಹಾಕಿ "ಏನೂ ಆಗ್ಲಿಲ್ಲ" ಎಂದು ಕಪಾಟಿಗೆ ಎಸೆದವರ ಸ್ಪ್ರೇ ಬಾಟಲಿ ಎಷ್ಟು ಮನೆಗಳಲ್ಲಿಲ್ಲ! ಬೇನೆಯ ಬುಡಕ್ಕೇ ತಾಗುವ ಉರಿಯೂತದ ಮದ್ದು ಇದ್ದರೆ ಇದೊಂದು, ಮತ್ತು ಅದನ್ನೇ ಜನ ಅರ್ಧಕ್ಕೆ ಬಿಡುತ್ತಾರೆ.

ಬೇರೆ ಕಾಯಿಲೆಯ ಮದ್ದೇ ಗಂಟಲನ್ನು ಕೆರಳಿಸುವುದೂ ಉಂಟು. ಆಸ್ತಮಾಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಸೇದಿ ಬಾಯಿ ಮುಕ್ಕಳಿಸದೆ ಬಿಟ್ಟರೆ ಗಂಟಲಲ್ಲಿ ಬಿಳಿ ಶಿಲೀಂಧ್ರ ಬೆಳೆಯುತ್ತದೆ, ಧ್ವನಿ ಒಡೆಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಲ್ಲಿ ಒಣಕೆಮ್ಮು, ಗಂಟಲು ಕೆರೆತ ತರುತ್ತವೆ. ಅದು ಗೊತ್ತಿಲ್ಲದೆ ಅದರ ಮೇಲೆ ನೋವಿನ ಗುಳಿಗೆ ಸೇರಿಸಿದರೆ ಗಂಟಲೂ ವಾಸಿಯಾಗುವುದಿಲ್ಲ, ರಕ್ತದೊತ್ತಡವೂ ಏರುತ್ತದೆ, ಮೂತ್ರಪಿಂಡಕ್ಕೂ ಹೊರೆ.

ಗಂಟಲಿನಿಂದ ಬದುಕುವವರ ಕಥೆ ಬೇರೆ. ಕರಾವಳಿಯಲ್ಲಿ ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟ. ಭಾಗವತರು ರಾತ್ರಿ ಹಾಡಿ ಹಗಲು ಮಲಗಿ ಮತ್ತೊಂದು ಊರಿನಲ್ಲಿ ಮತ್ತೆ ರಂಗಸ್ಥಳದ ಹಿಂದೆ ಕೂರಬೇಕು. ಗಂಟಲು ಹಿಡಿಯಿತು ಎಂದು ಆಟ ನಿಲ್ಲುವುದಿಲ್ಲ. ಹಾಡುವ ಮುಂಚೆ ಒಂದು ನೋವಿನ ಗುಳಿಗೆ ನುಂಗಿಬಿಡೋಣ ಎನಿಸುವುದು ಇಂಥ ಹೊತ್ತಿನಲ್ಲಿ. ಹಾಗೆ ಮಾಡಬಾರದು ಎಂಬುದಕ್ಕೆ ಎರಡು ಕಾರಣಗಳಿವೆ. ನೋವು ಗೊತ್ತಾಗದಿದ್ದಾಗ ಗಾಯಕರು ಊದಿಕೊಂಡ ಧ್ವನಿತಂತುಗಳ ಮೇಲೆ ಇನ್ನಷ್ಟು ಬಲ ಹಾಕುತ್ತಾರೆ. ಜೊತೆಗೆ ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತ ಹೆಪ್ಪುಗಟ್ಟುವುದನ್ನು ತಡವಾಗಿಸುವುದರಿಂದ ತಂತುವಿನೊಳಗೆ ರಕ್ತ ಸುರಿಯುವ ಅಪಾಯ ಹೆಚ್ಚುತ್ತದೆ. ಹಾಗಾದರೆ ಒಂದು ರಾತ್ರಿಯ ಬದಲು ಒಂದು ತಿರುಗಾಟವೇ ಹೋದೀತು. ನೋವಿದ್ದರೆ ಪ್ಯಾರಾಸಿಟಮಾಲ್, ಬಿಸಿನೀರಿನ ಹಬೆ, ಧ್ವನಿಗೆ ವಿಶ್ರಾಂತಿ. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಅದೂ ತಂತುವಿಗೆ ದುಡಿಮೆಯೇ. ಮೇಷ್ಟರುಗಳಿಗೂ ಸಂತೆಯಲ್ಲಿ ಕೂಗುವವರಿಗೂ ಇದೇ ಮಾತು ಸಲ್ಲುತ್ತದೆ. ಆದರೆ ಐವತ್ತು ಮಕ್ಕಳ ತರಗತಿಯಲ್ಲಿ ಮಾತಾಡದೆ ಇರಿ ಎಂದು ಹೇಳುವುದು ಸುಲಭ, ಅಲ್ಲಿ ನಿಲ್ಲುವವರಿಗೆ ಕಷ್ಟ ಎಂಬುದು ಗೊತ್ತಿದೆ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮೇಲೆ. ಗಂಟಲು ನೋವಿನ ಜೊತೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ ಇದ್ದರೆ ಅದು ಹಳೆಯ ಬೇನೆ ಕೆರಳಿದ್ದು ಎಂದುಕೊಳ್ಳಬೇಡಿ. ಡೆಂಗಿ ಇರಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾದ ಮಟ್ಟಕ್ಕೆ ಅದು ಹಬ್ಬಿತ್ತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವಕ್ಕೆ ಆಹ್ವಾನ ಕೊಟ್ಟಂತೆ. ಡೆಂಗಿ ಅಲ್ಲ ಎಂದು ರಕ್ತಪರೀಕ್ಷೆ ಹೇಳುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ.

ಹೊಟ್ಟೆಹುಣ್ಣು ಬಂದಿದ್ದವರು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯವರು, ರಕ್ತ ತೆಳುವಾಗಿಸುವ ಮದ್ದಿನಲ್ಲಿರುವವರು, ಐದು ತಿಂಗಳು ತುಂಬುತ್ತಿರುವ ಮತ್ತು ಅದನ್ನು ದಾಟಿದ ಗರ್ಭಿಣಿಯರು ವೈದ್ಯರ ಮಾತಿಲ್ಲದೆ ಐಬುಪ್ರೊಫೆನ್ ಬಳಗದ ಹತ್ತಿರ ಸುಳಿಯಬಾರದು. ಆಸ್ತಮಾ ಇರುವವರಲ್ಲಿ ಕೆಲವರಿಗೆ ಆಸ್ಪಿರಿನ್ ಬಳಗದ ಒಂದೇ ಗುಳಿಗೆಗೆ ಉಸಿರು ಕಟ್ಟುವುದುಂಟು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಕೂಡದು. ವೈರಸ್ ಜ್ವರದಲ್ಲಿ ಅದು ಮೆದುಳು, ಯಕೃತ್ತುಗಳನ್ನು ಕೆಡಿಸುವ ರೇಸ್ ಸಿಂಡ್ರೋಮ್‌ಗೆ ಕಾರಣವಾಗಬಲ್ಲದು.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು. 5ರಿಂದ 15 ವರ್ಷದ ಮಗುವಿಗೆ ಕೆಮ್ಮು ನೆಗಡಿ ಇಲ್ಲದೆ ಒಮ್ಮೆಲೇ ಜ್ವರ, ಗಂಟಲು ನೋವು, ಕತ್ತಿನಲ್ಲಿ ಗಡ್ಡೆ, ಟಾನ್ಸಿಲ್ ಮೇಲೆ ಬಿಳಿ ಪೊರೆ ಕಂಡರೆ ಅದು ಸ್ಟ್ರೆಪ್ಟೊಕಾಕಸ್ ಇರಬಹುದು. ಆಗ ನೋವಿನ ಗುಳಿಗೆಯಿಂದ ಗಂಟಲು ಸುಮ್ಮನಾದರೂ ಬ್ಯಾಕ್ಟೀರಿಯಾ ಸುಮ್ಮನಾಗುವುದಿಲ್ಲ. ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡಬಹುದು. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಕವಾಟ ಹಿಗ್ಗಿಸಿಕೊಳ್ಳಲು ಬರುವ ಎಷ್ಟೋ ಜನರ ರೋಗ ಶುರುವಾದದ್ದು ಬಾಲ್ಯದ ಇಂಥ ಗಂಟಲು ನೋವಿನಿಂದಲೇ. ಇಲ್ಲಿ ಆಂಟಿಬಯೋಟಿಕ್ ಬೇಕೇ ಬೇಕು, ಪೆನಿಸಿಲಿನ್ ಆದರೆ ಹತ್ತು ದಿನ ಪೂರ್ತಿ. ಅನವಶ್ಯಕವಾದ ಕಡೆ ಧಾರಾಳ, ಅಗತ್ಯವಾದ ಕಡೆ ಮೂರನೆಯ ದಿನಕ್ಕೇ ನಿಲ್ಲಿಸಿಬಿಡುವುದು — ಆಂಟಿಬಯೋಟಿಕ್ ವಿಷಯದಲ್ಲಿ ನಮ್ಮ ನಡೆ ಹೀಗಿದೆ.

ಮನೆಮದ್ದಿನ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ. ಉಪ್ಪುನೀರು ಒಳ್ಳೆಯದು: ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರು ನಾಲ್ಕು ಸಲ. ಜೇನು ಗಂಟಲಿಗೆ ಹಿತ, ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ನೆಕ್ಕಿಸಬೇಡಿ. ಜ್ಯೇಷ್ಠಮಧುವಿನ ಚೂರು ಚೀಪುವುದು ಗಾಯಕರ ಹಳೆಯ ರೂಢಿ. ಅದರಲ್ಲಿ ಉರಿಯೂತ ತಗ್ಗಿಸುವ ಗುಣ ಇರುವುದು ಹೌದು. ಆದರೆ ತಿಂಗಳುಗಟ್ಟಲೆ ಚೀಪಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕಾಳುಮೆಣಸು, ಶುಂಠಿ ಜಜ್ಜಿ ಹಾಕಿದ ಖಾರದ ಕಷಾಯ ನೆಗಡಿಯವರಿಗೆ ಹಿತವೆನಿಸೀತು. ಆಮ್ಲದ ಕಾಟದವರಿಗೆ ಅದೇ ಶತ್ರು. ಅಜ್ಜಿ ಹೇಳಿದ್ದು ಸುಳ್ಳಲ್ಲ, ಎಲ್ಲ ಗಂಟಲಿಗೂ ಹೇಳಿದ್ದಲ್ಲ ಅಷ್ಟೆ.

ಕೊನೆಗೆ ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ-ಸಿಗರೇಟಿನವರಿಗೆ. ಅಡಿಕೆ ನಮ್ಮ ಮಲೆನಾಡಿನ ಬದುಕು, ಒಪ್ಪಿದೆ. ಆದರೂ ಹೊಗೆಸೊಪ್ಪು ಬೆರೆಯದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಖಾರ ತಗಲಿದರೆ ಬಾಯಿ ಉರಿಯುವುದು, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವುದು ಮುನ್ಸೂಚನೆ. ಒಂದೇ ಪಕ್ಕದ ಗಂಟಲು ನೋವು, ಅದೇ ಪಕ್ಕದ ಕಿವಿಗೆ ಹರಿಯುವ ನೋವು, ಒಡೆದು ಸರಿಯಾಗದ ಧ್ವನಿ, ಕತ್ತಿನಲ್ಲಿ ಗಂಟು, ಉಗುಳಿನಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ — ಇವನ್ನೆಲ್ಲ ನೋವಿನ ಗುಳಿಗೆ ಸಲೀಸಾಗಿ ಮುಚ್ಚಿಡುತ್ತದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತಡವಾಗಿ ಬಂದವರನ್ನು ಕೇಳಿದರೆ, ತಿಂಗಳುಗಟ್ಟಲೆ "ಗಂಟಲಿಗೆ ಗುಳಿಗೆ" ತಿಂದ ಕಥೆ ಸಿಗುತ್ತದೆ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು: ಗುಳಿಗೆ ಮೂರು ದಿನ, ಆಮೇಲೂ ಬೇಕೆನಿಸಿದರೆ ವೈದ್ಯರು. ಕಿರಿಕಿರಿ ಮೂರು ವಾರ ದಾಟಿದ್ದರೆ, ವರ್ಷಕ್ಕೆ ನಾಲ್ಕಾರು ಸಲ ಕೆರಳುತ್ತಿದ್ದರೆ, ಕಿವಿ-ಮೂಗು-ಗಂಟಲಿನ ತಜ್ಞರಿಗೆ ಒಮ್ಮೆ ತೋರಿಸಿ. ಜಿಲ್ಲಾಸ್ಪತ್ರೆಗಳಲ್ಲೂ ಅವರು ಇರುತ್ತಾರೆ. ಹೋಗುವಾಗ ಮನೆಯಲ್ಲಿರುವ ಹಳೆಯ ಸ್ಟ್ರಿಪ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.